ಫೋರ್ ವೀಲ್ ಡ್ರೈವ್ ಮಾಡ್ಯೂಲ್ ಬದಲಿಸುವ ಮುನ್ನ

ಪ್ರಶ್ನೆ: ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ. ನಮ್ಮದು 2004ರ ಷೆವರ್ಲೆ ಸಿಲ್ವರಾಡೊ 1500 ಪಿಕಪ್. ಈ ಚಳಿಗಾಲದಿಂದ ‘ಸರ್ವಿಸ್ 4 ಡಬ್ಲ್ಯುಡಿ’ ಎಂಬ ಸೂಚನೆ ಬರುತ್ತಿದೆ. ಗುಂಡಿ ಒತ್ತಿದರೆ ಫೋರ್ ವೀಲ್ ಡ್ರೈವ್ ಒಮ್ಮೆ ಬೀಳುತ್ತದೆ, ಇನ್ನೊಮ್ಮೆ ಬೀಳುವುದಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಕಂಟ್ರೋಲ್ ಮಾಡ್ಯೂಲ್ ಹೋಗಿದೆ ಎನ್ನುತ್ತಾರೆ. ಆದರೆ ನಾನು ಕೊಂಡ ಸಣ್ಣ ಸ್ಕ್ಯಾನರ್ ಯಾವ ದೋಷವನ್ನೂ ತೋರಿಸುತ್ತಿಲ್ಲ. ಮಾಡ್ಯೂಲನ್ನು ನಾನೇ ಬದಲಿಸಬಹುದೇ?

ಉತ್ತರ: ಭಾಗ ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಯಲ್ಲಿ ಎರಡು ಸಂದೇಹಗಳಿವೆ. ಕೆಟ್ಟಿರುವುದು ಮಾಡ್ಯೂಲೇ ಹೌದೇ ಎಂಬುದು ಒಂದು, ಹೌದಾದರೆ ಮನೆಯಲ್ಲೇ ಬದಲಿಸಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ, ಮುಕ್ಕಾಲು ಪಾಲು ಕೆಲಸ ನೀವೇ ಮಾಡಬಹುದು. ಮೊದಲನೆಯದಕ್ಕೆ ಮಾತ್ರ ಅವಸರದ ಉತ್ತರ ಬೇಡ. ಈ ಸೂಚನೆ ಬಂದಾಗ ತಪ್ಪು ಮಾಡ್ಯೂಲಿನದಲ್ಲದೆ ಬೇರೆ ಭಾಗದ್ದಾಗಿರುವುದೇ ಹೆಚ್ಚು.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ನೋಡೋಣ. ಮಲೆನಾಡಿನ ಹಳೆಯ ಜೀಪುಗಳಲ್ಲಿ ಗೇರ್ ಲಿವರಿನ ಪಕ್ಕದಲ್ಲಿ ಇನ್ನೊಂದು ಲಿವರ್ ಇರುವುದನ್ನು ನೀವು ಕಂಡಿರಬಹುದು. ಅದನ್ನು ಎಳೆದರೆ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯೊಳಗಿನ ಗೇರುಗಳು ಸರಿದು, ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೂ ಹೋಗುತ್ತದೆ. ನಿಮ್ಮ ಪಿಕಪ್‌ನಲ್ಲೂ ಗೇರ್‌ಬಾಕ್ಸಿನ ಹಿಂದೆ ಅಂಥದೇ ಪೆಟ್ಟಿಗೆ ಇದೆ. ಕೈ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಪೆಟ್ಟಿಗೆಗೆ ಬೋಲ್ಟ್ ಮಾಡಿರುವ ವಿದ್ಯುತ್ ಮೋಟಾರೊಂದು ಮಾಡುತ್ತದೆ. ಇದಕ್ಕೆ ಎನ್ಕೋಡರ್ ಮೋಟಾರ್ ಎನ್ನುತ್ತಾರೆ. ತಾನು ಎಷ್ಟು ತಿರುಗಿದೆ ಎಂದು ತಿಳಿಸುವ ಸೆನ್ಸರ್ ಕೂಡ ಅದರಲ್ಲೇ ಇದೆ.

ನೀವು ಡ್ಯಾಶ್‌ಬೋರ್ಡಿನ ಗುಂಡಿ ಒತ್ತುತ್ತೀರಿ. ಮಾಡ್ಯೂಲ್ ಅದನ್ನು ಓದಿ, ವಾಹನದ ವೇಗ ಮತ್ತು ಗೇರಿನ ಸ್ಥಿತಿ ನೋಡಿ, ಮೋಟಾರಿಗೆ ಕರೆಂಟ್ ಕೊಡುತ್ತದೆ. ಮುಂದಿನ ಆಕ್ಸಲನ್ನು ಜೋಡಿಸುವ ಪುಟ್ಟ ಮೋಟಾರಿಗೂ ಆದೇಶ ಹೋಗುತ್ತದೆ. ಹೇಳಿದ ಜಾಗಕ್ಕೆ ಮೋಟಾರ್ ತಲುಪಿತೆಂದು ಸೆನ್ಸರ್ ಖಚಿತಪಡಿಸದಿದ್ದರೆ ಮಾಡ್ಯೂಲ್ ಒಂದು ದೋಷದ ಕೋಡನ್ನು ನೆನಪಿಟ್ಟುಕೊಂಡು ಸೂಚನೆ ಬರುವಂತೆ ಮಾಡುತ್ತದೆ. ಅಂದರೆ ನೀವು ನೋಡುತ್ತಿರುವ ಸೂಚನೆ ಬಹುಮಟ್ಟಿಗೆ ಮಾಡ್ಯೂಲೇ ಕೊಡುತ್ತಿರುವ ದೂರು. ದೂರು ಕೊಟ್ಟವರನ್ನೇ ತಪ್ಪಿತಸ್ಥರೆಂದು ಹಿಡಿಯುವ ಮೊದಲು ಮಿಕ್ಕವರನ್ನು ವಿಚಾರಿಸುವುದು ನ್ಯಾಯ.

ಹಾಗಾದರೆ ಸ್ಕ್ಯಾನರ್ ಏಕೆ ಸುಮ್ಮನಿದೆ? ಈ ಗೊಂದಲ ಬಹಳ ಜನರಿಗೆ ಆಗುತ್ತದೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಕಾರುಗಳಿಗೂ ಲಘು ಟ್ರಕ್‌ಗಳಿಗೂ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆಯ ಉದ್ದೇಶ ಹೊಗೆಯ ಮಾಲಿನ್ಯವನ್ನು ಹತೋಟಿಯಲ್ಲಿಡುವುದು. ಹಾಗಾಗಿ ಅಗ್ಗದ ಸ್ಕ್ಯಾನರ್ ಓದುವುದು ಎಂಜಿನ್ನಿಗೆ ಸಂಬಂಧಿಸಿದ, ‘ಪಿ’ ಅಕ್ಷರದಿಂದ ಶುರುವಾಗುವ ಕೋಡುಗಳನ್ನು. ಫೋರ್ ವೀಲ್ ಡ್ರೈವ್ ಮಾಡ್ಯೂಲಿನ ಕೋಡುಗಳು ‘ಸಿ’ಯಿಂದ ಶುರುವಾಗುತ್ತವೆ. ಅವು ಬೇರೆ ಮಾಡ್ಯೂಲಿನಲ್ಲಿ ಕುಳಿತಿರುತ್ತವೆ. ಅವನ್ನು ಓದಲು ಆ ಕಂಪನಿಯ ಎಲ್ಲ ಮಾಡ್ಯೂಲುಗಳೊಂದಿಗೆ ಮಾತಾಡಬಲ್ಲ ಸ್ಕ್ಯಾನರ್ ಬೇಕು. ನಿಮ್ಮ ಸ್ಕ್ಯಾನರ್ ಕೆಟ್ಟಿಲ್ಲ, ಅದರ ವ್ಯಾಪ್ತಿಯೇ ಅಷ್ಟು.

ಈಗ ತಪಾಸಣೆಯನ್ನು ಕ್ರಮವಾಗಿ ಮಾಡೋಣ.

ಒಂದು: ಬಳಸುವ ರೀತಿ ಸರಿಯಿದೆಯೇ ನೋಡಿ. ಫೋರ್ ಲೋ ಹಾಕಲು ವಾಹನ ನಿಂತಿರಬೇಕು ಅಥವಾ ಗಂಟೆಗೆ 3 ಮೈಲಿಗಿಂತ, ಅಂದರೆ ಸುಮಾರು 5 ಕಿಲೋಮೀಟರಿಗಿಂತ, ಕಡಿಮೆ ವೇಗದಲ್ಲಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಇಲ್ಲವಾದರೆ ಗುಂಡಿಯ ದೀಪ ಸ್ವಲ್ಪ ಹೊತ್ತು ಮಿನುಗುತ್ತದೆಯೇ ಹೊರತು ಗೇರ್ ಬೀಳುವುದಿಲ್ಲ. ಅದು ದೋಷವಲ್ಲ.

ಎರಡು: ಕೀ ಆನ್ ಮಾಡಿ ಗುಂಡಿಗಳ ದೀಪ ಗಮನಿಸಿ. ಎಲ್ಲವೂ ಒಮ್ಮೆ ಹೊತ್ತಿ, ಆಮೇಲೆ ಒಂದು ಮಾತ್ರ ಉಳಿಯಬೇಕು. ಒಂದೂ ಹೊತ್ತದಿದ್ದರೆ ಮೊದಲು ಫ್ಯೂಸ್ ನೋಡಿ. ಯಾವ ಫ್ಯೂಸ್ ಎಂಬುದು ವಾಹನದ ಕೈಪಿಡಿಯಲ್ಲಿದೆ. ಗುಂಡಿಗಳ ಸ್ವಿಚ್ ಸವೆದು ಹೋಗುವುದು ಈ ಕಾಲದ ಟ್ರಕ್‌ಗಳಲ್ಲಿ ಚಿರಪರಿಚಿತ ತೊಂದರೆ. ಅದನ್ನು ಬದಲಿಸುವುದು ಮಾಡ್ಯೂಲ್ ಬದಲಿಸುವುದಕ್ಕಿಂತ ಅಗ್ಗ, ಸುಲಭ.

ಮೂರು: ಬ್ಯಾಟರಿ, ವೈರಿಂಗ್, ಅರ್ತ್ ನೋಡಿ. ನಿಮ್ಮ ಕಡೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ನೀರು ಚಾಸಿಯ ಅರ್ತ್ ಬೋಲ್ಟುಗಳಿಗೂ ಎನ್ಕೋಡರ್ ಮೋಟಾರಿನ ಕನೆಕ್ಟರಿಗೂ ತುಕ್ಕು ಹಿಡಿಸುತ್ತದೆ. ಒಮ್ಮೆ ಬಿದ್ದು ಇನ್ನೊಮ್ಮೆ ಬೀಳದಿರುವ ಲಕ್ಷಣ ಇಂಥ ಅರೆಬರೆ ಸಂಪರ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಕನೆಕ್ಟರ್ ಬಿಚ್ಚಿ ಪಿನ್ನುಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದೆಯೇ ನೋಡಿ, ಶುಚಿಮಾಡಿ.

ನಾಲ್ಕು: ಸರಿಯಾದ ಸ್ಕ್ಯಾನರಿನಿಂದ ಕೋಡ್ ಓದಿಸಿ. ಸಿ 0327 ಬಂದರೆ ಎನ್ಕೋಡರಿನ ಸರ್ಕೀಟನ್ನು ಪರೀಕ್ಷಿಸಬೇಕು. ಸಿ 0308 ಅಥವಾ ಸಿ 0309 ಬಂದರೆ ಮೋಟಾರಿಗೆ ಹೋಗುವ ತಂತಿಗಳ ಕಡೆ ಗಮನ ಕೊಡಬೇಕು. ಸಿ 0550 ಮಾತ್ರ ಮಾಡ್ಯೂಲಿನ ಒಳಗಿನ ದೋಷವನ್ನು ಹೇಳುತ್ತದೆ. ಕರೆಂಟೂ ಅರ್ತೂ ಸರಿಯಿದ್ದು, ಸ್ಕ್ಯಾನರಿಗೆ ಮಾಡ್ಯೂಲ್ ಉತ್ತರವನ್ನೇ ಕೊಡದಿದ್ದರೂ ಅದನ್ನು ಶಂಕಿಸಬಹುದು. ಈ ಎರಡು ಸಂದರ್ಭಗಳಲ್ಲಿ ಬದಲಿಸುವ ಯೋಚನೆ ಸರಿ.

ಕೊಳ್ಳುವಾಗ ಎರಡು ಗುರುತುಗಳನ್ನು ಹೊಂದಿಸಬೇಕು. ಮೊದಲನೆಯದು, ಹಳೆಯ ಮಾಡ್ಯೂಲಿನ ಮೇಲಿರುವ ಪಾರ್ಟ್ ನಂಬರ್. ಎರಡನೆಯದು, ಗ್ಲೋವ್‌ಬಾಕ್ಸಿನ ಚೀಟಿಯಲ್ಲಿರುವ ಸಂಕೇತ. ಗುಂಡಿಗಳಲ್ಲಿ ‘ಆಟೋ’ ಎಂಬುದೂ ಇದ್ದರೆ ಆ ಚೀಟಿಯಲ್ಲಿ ಎನ್‌ಪಿ8 ಎಂದಿರುತ್ತದೆ. ಗುಂಡಿಗಳಿದ್ದೂ ‘ಆಟೋ’ ಇಲ್ಲದ ಗಾಡಿಗಳದ್ದು ಎನ್‌ಪಿ1. ಎರಡರ ಟ್ರಾನ್ಸ್‌ಫರ್ ಕೇಸುಗಳೂ ಬೇರೆ, ಮಾಡ್ಯೂಲನ್ನು ಅದಲುಬದಲು ಮಾಡುವಂತಿಲ್ಲ. ಹೊಸ ಮಾಡ್ಯೂಲ್ ಆದರೆ ಚಾಸಿ ನಂಬರಿನ ಆಧಾರದಲ್ಲಿ ನಿಮ್ಮ ಗಾಡಿಗೆ ತಕ್ಕ ಸಾಫ್ಟ್‌ವೇರ್ ತುಂಬಿಸಬೇಕಾಗುತ್ತದೆ. ನಾನು ಮುಕ್ಕಾಲು ಪಾಲು ಎಂದದ್ದು ಇದಕ್ಕೇ. ಈ ಒಂದು ಹಂತಕ್ಕೆ ಡೀಲರನ್ನೋ ಉಪಕರಣವಿರುವ ಗ್ಯಾರೇಜನ್ನೋ ಅವಲಂಬಿಸಬೇಕು. ಇನ್ನೊಂದು ದಾರಿಯೂ ಉಂಟು. ನಿಮ್ಮದೇ ಮಾಡ್ಯೂಲನ್ನು ರಿಪೇರಿಗೆ ಕಳಿಸಿದರೆ ಬೋರ್ಡಿನ ಬಿಟ್ಟುಹೋದ ಬೆಸುಗೆಯನ್ನು ಸರಿಮಾಡಿ ಕೊಡುವವರಿದ್ದಾರೆ. ಒಳಗಿನ ಸಾಫ್ಟ್‌ವೇರ್ ಹಾಗೇ ಉಳಿಯುವುದರಿಂದ ಸಾಮಾನ್ಯವಾಗಿ ಮತ್ತೆ ತುಂಬಿಸುವ ತಾಪತ್ರಯ ಇರುವುದಿಲ್ಲ.

ಇನ್ನು ಬದಲಿಸುವ ಕೆಲಸ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆ ಕೊಡಿ. ಈ ಅಡೆಯನ್ನು ಮರೆಯಬೇಡಿ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಬಂದರೆ ಗೇರ್ ‘ಪಾರ್ಕ್’ನಲ್ಲಿದ್ದರೂ ಗಾಡಿ ಉರುಳಬಲ್ಲದು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕೆಲವು ನಿಮಿಷ ಕಾಯಿರಿ. ಸ್ಟಿಯರಿಂಗಿನ ಏರ್‌ಬ್ಯಾಗ್ ಹತ್ತಿರದಲ್ಲೇ ಇರುವುದರಿಂದ ಈ ಎಚ್ಚರ. ಅಲ್ಲಿನ ಹಳದಿ ಕನೆಕ್ಟರುಗಳನ್ನು ಮುಟ್ಟಬೇಡಿ.

ಚಾಲಕನ ಮೊಣಕಾಲಿನ ಎದುರಿಗಿರುವ ಪ್ಯಾನೆಲ್ ಬಿಚ್ಚಿದರೆ ಒಳಗೆ ಸ್ಟಿಯರಿಂಗಿನ ಸಮೀಪ ಮಾಡ್ಯೂಲ್ ಸಿಗುತ್ತದೆ. ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಗಾಡಿಯ ಲೋಹದ ಭಾಗವನ್ನು ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಚಳಿಗಾಲದ ಒಣ ಹವೆಯಲ್ಲಿ ಇದು ಹೆಚ್ಚು ಮುಖ್ಯ. ಕನೆಕ್ಟರಿನ ಲಾಕ್ ಒತ್ತಿ ಅದನ್ನೇ ಹಿಡಿದು ಎಳೆಯಿರಿ, ತಂತಿ ಹಿಡಿದು ಜಗ್ಗಬೇಡಿ. ಹೊಸದನ್ನು ಕೂರಿಸಿ, ಲಾಕ್ ಕಚ್ಚಿದ ಸದ್ದು ಕೇಳಿದ ಮೇಲೆ ಬ್ಯಾಟರಿ ಜೋಡಿಸಿ. ಸಾಫ್ಟ್‌ವೇರ್ ತುಂಬಿಸಿ, ಹಳೆಯ ಕೋಡುಗಳನ್ನು ಅಳಿಸಿ.

ಪರೀಕ್ಷೆಯನ್ನು ಹಿಮ, ಮಣ್ಣು ಅಥವಾ ಜಲ್ಲಿಯ ಮೇಲೆ ಮಾಡಿ. ಒಣಗಿದ ಡಾಂಬರಿನ ಮೇಲೆ ಫೋರ್ ಹೈ ಹಾಕಿ ತಿರುಗಿಸಿದರೆ ಗಾಡಿ ಹಿಡಿದಂತಾಗಿ ಕುಪ್ಪಳಿಸುತ್ತದೆ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕು, ಫೋರ್ ಹೈ ಅವುಗಳನ್ನು ಒಟ್ಟಿಗೆ ಕಟ್ಟಿಹಾಕಿರುತ್ತದೆ. ಅದು ವ್ಯವಸ್ಥೆಯ ಸ್ವಭಾವ, ಹೊಸ ಮಾಡ್ಯೂಲಿನ ದೋಷವಲ್ಲ.

ಊರಿನಲ್ಲಿರುವ ಓದುಗರಿಗೂ ಒಂದು ಮಾತು: ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳಲ್ಲಿ ಗುಂಡಿಯ ಬದಲು ತಿರುಗಿಸುವ ನಾಬ್ ಇದೆ. ಭಾಗಗಳೂ ಕೋಡುಗಳೂ ಬೇರೆ, ಆದರೆ ತಪಾಸಣೆಯ ಕ್ರಮ ಇದೇ.

ಆದ್ದರಿಂದ ನಿಮ್ಮ ಮೆಕ್ಯಾನಿಕ್ ಅವರನ್ನು ಒಂದೇ ಪ್ರಶ್ನೆ ಕೇಳಿ: “ಯಾವ ಕೋಡ್ ಬಂದಿದೆ?” ಅವರು ನಂಬರ್ ಹೇಳಿದರೆ ಮೇಲಿನ ನಾಲ್ಕನೇ ಹಂತದೊಂದಿಗೆ ಹೋಲಿಸಿ ನೋಡಿ. ನಂಬರ್ ಇಲ್ಲದೆ ಮಾಡ್ಯೂಲ್ ಹೋಗಿದೆ ಎಂದಷ್ಟೇ ಹೇಳಿದರೆ, ಕೋಡ್ ಓದಿಸುವವರೆಗೂ ಹಣ ಬಿಚ್ಚಬೇಡಿ.