ಯಜಮಾನರು ಇಂದೇ ಬರಬಹುದು

ಖಾತೆಯ ಮುಖ್ಯಸ್ಥರು ರಜೆಯ ಮೇಲೆ ಊರಿಗೆ ಹೊರಡುವಾಗ ನಮ್ಮಲ್ಲೊಬ್ಬನನ್ನು ಕರೆದು, "ನಾನು ಬರುವ ತನಕ ನೀನು ನೋಡಿಕೊ" ಎನ್ನುವುದು ಎಲ್ಲ ಕಚೇರಿಗಳಲ್ಲಿಯೂ ಉಂಟು. ನಿನ್ನೆಯವರೆಗೆ ಜೊತೆಯಲ್ಲಿ ಕುಳಿತು ಚಹ ಕುಡಿದವರಿಗೆ ಇಂದು ಕೆಲಸ ಹೇಳಬೇಕು. ತಿಂಗಳು ಕಳೆದ ಮೇಲೆ ಮತ್ತೆ ಅವರ ಪಕ್ಕದಲ್ಲಿಯೇ ಕೂರಬೇಕು. ಗಟ್ಟಿಯಾಗಿ ಹೇಳಿದರೆ "ಅಲ್ಪನಿಗೆ ಐಶ್ವರ್ಯ ಬಂತು" ಎನ್ನುತ್ತಾರೆ. ಸುಮ್ಮನಿದ್ದರೆ ಕೆಲಸ ನಿಲ್ಲುತ್ತದೆ. ಇಂಥ ಇಕ್ಕಟ್ಟಿನಲ್ಲಿ ನಡೆದುಕೊಳ್ಳುವ ಬಗೆ ಯಾವುದು? ಚರಿತ್ರೆಯ ಒಂದು ಪ್ರಸಂಗವನ್ನು ನೋಡೋಣ.

ಅರ್ನೆಸ್ಟ್ ಶ್ಯಾಕಲ್ಟನ್ ಎಂಬ ಅನ್ವೇಷಕರು 27 ಸಂಗಡಿಗರೊಡನೆ ದಕ್ಷಿಣ ಧ್ರುವದ ಕಡೆಗೆ ಹೋಗಿದ್ದರು. ಅವರ 'ಎಂಡ್ಯೂರೆನ್ಸ್' ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿ ನುಚ್ಚಾಗಿ 1915ರ ನವೆಂಬರಿನಲ್ಲಿ ಮುಳುಗಿತು. ಎಲ್ಲರೂ ಸಣ್ಣ ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಸೇರಿದರು. ಇದು ನಮ್ಮ ಮುಂಬಯಿಯ ಎಲಿಫೆಂಟಾ ಅಲ್ಲ. ಹಿಮಗಾಳಿ ಬೀಸುವ, ಜನವಸತಿಯಿಲ್ಲದ ಬಂಡೆಗಳ ನೆಲ. 1916ರ ಏಪ್ರಿಲ್ 24ರಂದು ಶ್ಯಾಕಲ್ಟನ್ ಐವರೊಡನೆ ದೋಣಿಯೇರಿ ಸಹಾಯ ತರಲು ಹೊರಟರು. ಹಿಂದುಳಿದ 22 ಮಂದಿಯಲ್ಲಿ ಫ್ರ್ಯಾಂಕ್ ವೈಲ್ಡ್ ಎಂಬವರಿಗೆ ಮುಖಂಡತನ ಬಂತು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಅಧಿಕಾರದ ಸ್ಪಷ್ಟತೆ. ದೋಣಿ ಹೊರಟ ಗಳಿಗೆಯಿಂದ ಎಲ್ಲರೂ ವೈಲ್ಡರ ಆಜ್ಞೆಗೆ ಒಳಪಟ್ಟವರು ಎಂದು ಶ್ಯಾಕಲ್ಟನ್ ಕಾಗದದಲ್ಲಿ ಬರೆದುಕೊಟ್ಟಿದ್ದರು. ನಾವೂ ಮುಖ್ಯಸ್ಥರು ಹೊರಡುವ ಮೊದಲೇ ಕೇಳಿಕೊಳ್ಳಬೇಕು: ಯಾವ ಕಾಗದಕ್ಕೆ ರುಜು ಹಾಕಬಹುದು? ಎಷ್ಟು ರೂಪಾಯಿಯವರೆಗೆ ಖರ್ಚು ಮಾಡಬಹುದು? ಉತ್ತರವನ್ನು ಬರಹದಲ್ಲಿ ಪಡೆದು, ಅದನ್ನು ಅವರ ಬಾಯಿಂದಲೇ ಎಲ್ಲರಿಗೂ ಹೇಳಿಸುವುದು ಲೇಸು. ಆಗ ನಾವು ಹೇಳುವ ಕೆಲಸ ದರ್ಪವೆನಿಸದು.

ಎರಡನೆಯದು, ಕಾಯಬಲ್ಲ ಕೆಲಸ ಯಾವುದು, ಕಾಯಲಾಗದ್ದು ಯಾವುದು ಎಂಬ ವಿವೇಕ. ಬ್ಲ್ಯಾಕ್‌ಬೊರೊ ಎಂಬ ತರುಣನ ಕಾಲ್ಬೆರಳುಗಳು ಚಳಿಗೆ ಸತ್ತು ಕೊಳೆಯತೊಡಗಿದವು. ಯಜಮಾನರು ಬರಲೆಂದು ಕಾದಿದ್ದರೆ ಅವನ ಜೀವಕ್ಕೇ ಅಪಾಯವಿತ್ತು. ಜೂನ್ 15ರಂದು ತಂಡದ ಇಬ್ಬರು ವೈದ್ಯರು, ದೋಣಿಗಳನ್ನು ಬೋರಲು ಹಾಕಿ ಮಾಡಿದ ಗುಡಿಸಲಿನಲ್ಲಿಯೇ ಆ ಬೆರಳುಗಳನ್ನು ಕತ್ತರಿಸಿದರು. ನಮ್ಮಲ್ಲಿಯೂ ಒಬ್ಬನಿಗೆ ಗಾಯವಾದರೆ, ಸಂಬಳದ ಪಟ್ಟಿ ಹೋಗಬೇಕಾಗಿದ್ದರೆ, ಅಂದೇ ತೀರ್ಮಾನಿಸಬೇಕು. ಸಂದೇಹವಿದ್ದುದನ್ನು ಫೋನಿನಲ್ಲಿ ಕೇಳಬಹುದು. ಆದರೆ ದಿನಕ್ಕೆ ಹತ್ತು ಸಲ ಕೇಳಿದರೆ ಅವರಿಗೆ ರಜೆಯೂ ಇಲ್ಲ, ನಮಗೆ ಜವಾಬ್ದಾರಿಯೂ ಇಲ್ಲ. ಒಬ್ಬನ ಜಾಗ ಬದಲಿಸುವುದು, ಹಳೆಯ ಪದ್ಧತಿ ತೆಗೆಯುವುದು, ಇವನ್ನು ಮುಟ್ಟಬಾರದು. ಭರತನು ಪಾದುಕೆಗಳನ್ನು ಮುಂದಿಟ್ಟುಕೊಂಡು 14 ವರ್ಷ ರಾಜ್ಯ ನಡೆಸಿದನು, ರಾಜ್ಯವನ್ನು ತನ್ನದೆಂದುಕೊಳ್ಳಲಿಲ್ಲ.

ಮೂರನೆಯದೇ ಮುಖ್ಯ. ವೈಲ್ಡರು ಬೆಳಗಾದರೆ ತಮ್ಮ ಹಾಸಿಗೆಯ ಚೀಲವನ್ನು ಸುತ್ತಿಟ್ಟು, "ಸಾಮಾನು ಕಟ್ಟಿಕೊಳ್ಳಿ, ಯಜಮಾನರು ಇಂದೇ ಬರಬಹುದು" ಎಂಬ ಅರ್ಥದ ಮಾತನ್ನು ಹೇಳುತ್ತಿದ್ದರು. ವಾರಗಳು ಉರುಳಿದರೂ ಹಡಗಿನ ಸುಳಿವಿರಲಿಲ್ಲ. ತಿನ್ನಲು ಪೆಂಗ್ವಿನ್ ಮತ್ತು ಸೀಲುಗಳ ಮಾಂಸವೇ ಗತಿ. ಆದರೂ ಆ ಮಾತು ತಪ್ಪಲಿಲ್ಲ. 128 ದಿನಗಳ ಬಳಿಕ, ಆಗಸ್ಟ್ 30ರಂದು, ಚಿಲಿ ದೇಶದ 'ಯೆಲ್ಚೊ' ಹಡಗಿನಲ್ಲಿ ಶ್ಯಾಕಲ್ಟನ್ ಬಂದರು. ಸುಮಾರು ಒಂದು ಗಂಟೆಯೊಳಗೆ ಎಲ್ಲರೂ ಹಡಗಿನಲ್ಲಿದ್ದರು. 22 ಮಂದಿಯಲ್ಲಿ ಒಬ್ಬರೂ ಕಡಮೆಯಾಗಿರಲಿಲ್ಲ.

ನಮ್ಮ ಮೇಜೂ ಹೀಗೆಯೇ ಇರತಕ್ಕದ್ದು. ದಿನವೂ ಸಂಜೆ ಹೊರಡುವ ಮೊದಲು ಒಂದು ವಹಿಯಲ್ಲಿ ನಾಲ್ಕು ಸಾಲು ಬರೆದಿಡೋಣ: ಏನು ಮುಗಿಯಿತು, ಏನು ಉಳಿಯಿತು, ಯಾವುದನ್ನು ಏಕೆ ತೀರ್ಮಾನಿಸಿದೆವು. ತಡವಾಗಿ ಉಳಿಯುವ ಪಾಳಿಯನ್ನು ಸರದಿಯಂತೆ ಹಂಚಿ, ಮೊದಲನೆಯ ಸರದಿಯನ್ನು ನಾವೇ ತೆಗೆದುಕೊಳ್ಳೋಣ. ಮುಖ್ಯಸ್ಥರು ಯಾವ ದಿನ ಬಂದರೂ ವಹಿಯನ್ನು ಅವರ ಕೈಗಿಟ್ಟು ನಮ್ಮ ಹಳೆಯ ಕುರ್ಚಿಗೆ ಹೋಗಿ ಕುಳಿತುಕೊಳ್ಳಬಹುದು. ಪಕ್ಕದವರೂ ಮೊದಲಿನಂತೆ ಚಹಕ್ಕೆ ಕರೆಯುತ್ತಾರೆ.