ಆಳದ ರಿಮ್, ಅಳೆದ ಹಣ

ಡಾಂಬರು ರಸ್ತೆಯ ಮೇಲೆ ವೇಗವಾಗಿ ಓಡಿಸಲೆಂದೇ ರೂಪಿಸಿದ ಸೈಕಲ್ಲಾದ ರೋಡ್ ಬೈಕಿಗೆ ಆಳವಾದ ಕಾರ್ಬನ್ ರಿಮ್ಮಿನ ಚಕ್ರಗಳನ್ನು ಕೊಳ್ಳುವವರು ಕೆಲವೊಮ್ಮೆ ಸೈಕಲ್ಲಿಗೆ ಕೊಟ್ಟಷ್ಟೇ ಹಣವನ್ನು ಎರಡು ಚಕ್ರಗಳಿಗೂ ಕೊಡುತ್ತಾರೆ. ರಿಮ್ಮಿನ ಆಳವೆಂದರೆ ಟೈರ್ ಕೂರುವ ಹೊರ ಅಂಚಿನಿಂದ ಕಡ್ಡಿಗಳು ಬಂದು ಸೇರುವ ಒಳ ಅಂಚಿನವರೆಗಿನ ಎತ್ತರ. ಸಾಧಾರಣ ಅಲ್ಯೂಮಿನಿಯಂ ರಿಮ್ಮಿನಲ್ಲಿ ಇದು 25ರಿಂದ 30 ಮಿಲಿಮೀಟರ್‌ನಷ್ಟಿದ್ದರೆ, ಗಾಳಿಯನ್ನು ಸುಲಭವಾಗಿ ಸೀಳಿಕೊಂಡು ಹೋಗಲೆಂದು ಮಾಡಿದ ಚಕ್ರಗಳಲ್ಲಿ 40ರಿಂದ 80 ಮಿಲಿಮೀಟರ್‌ವರೆಗೂ ಇರುತ್ತದೆ. ಇಂಥ ಖರೀದಿಯನ್ನು ಒಳ್ಳೆಯ ದಿನದ ವೇಗದಿಂದಲ್ಲ, ಎರಡು ಕೆಟ್ಟ ದಿನಗಳಿಂದ ತೂಗಿ ನೋಡಬೇಕು: ಆಳವನ್ನು ಅಡ್ಡಗಾಳಿ ಜೋರಾಗಿ ಬೀಸುವ ದಿನವನ್ನು ನೆನೆದು ಆರಿಸಬೇಕು, ಬೆಲೆಯನ್ನು ರಿಮ್ ಒಡೆಯುವ ದಿನವನ್ನು ನೆನೆದು ಒಪ್ಪಬೇಕು.

ಮೊದಲು ಲಾಭದ ಲೆಕ್ಕ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನ ಶ್ರಮದ ಬಹುಪಾಲು ಗಾಳಿಯ ತಡೆಯನ್ನು ಮೀರುವುದಕ್ಕೇ ವ್ಯಯವಾಗುತ್ತದೆ, ಮತ್ತು ಆ ತಡೆಗಾಗಿ ತೆರಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಇಮ್ಮಡಿಯಾದರೆ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ತಯಾರಕರು ಉಳಿತಾಯವನ್ನು ಹೆಚ್ಚಾಗಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಅಳೆದು ಹೇಳುವುದರಿಂದ, ಅಲ್ಲಿ 20 ವ್ಯಾಟ್ ಉಳಿಸುವ ಚಕ್ರವು 30 ಕಿಲೋಮೀಟರ್ ವೇಗದಲ್ಲಿ ಉಳಿಸುವುದು ಸುಮಾರು 6 ವ್ಯಾಟ್ ಮಾತ್ರ. ನಿಧಾನವಾಗಿ ಸಾಗುವವರು ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುತ್ತಾರಾದ್ದರಿಂದ ಸಮಯದ ಲೆಕ್ಕದಲ್ಲಿ ಅವರಿಗಾಗುವ ಲಾಭ ಇಷ್ಟು ತೀವ್ರವಾಗಿ ಕುಗ್ಗುವುದಿಲ್ಲ ಎಂಬುದೂ ನಿಜ; ಆದರೂ 40 ಕಿಲೋಮೀಟರ್ ಸವಾರಿಯಲ್ಲಿ ಅದು ಅಂದಾಜು ಒಂದು ನಿಮಿಷದ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೊಳ್ಳುವವರು ಬೆಲೆ ಕಟ್ಟಬೇಕಾದದ್ದು ಈ ಒಂದು ನಿಮಿಷಕ್ಕೆ.

ಅದೇ ನಿಮಿಷ ಬೇರೆ ಕಡೆ ಅಗ್ಗವಾಗಿ ಸಿಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. 1989ರ ಜುಲೈ 23ರಂದು ಟೂರ್ ಡಿ ಫ್ರಾನ್ಸ್‌ನ ಕೊನೆಯ ಹಂತವಾಗಿ ವರ್ಸೈಯಿಂದ ಪ್ಯಾರಿಸ್‌ವರೆಗೆ ನಡೆದ 24.5 ಕಿಲೋಮೀಟರ್ ಒಂಟಿ ಓಟವು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯವರೆಗಿನ ಒಟ್ಟು ಸಮಯದಲ್ಲಿ 50 ಸೆಕೆಂಡ್ ಮುಂದಿದ್ದ ಲೋರಾಂ ಫಿನ್ಯೋನ್ ಅವರ ಸೈಕಲ್ಲಿನ ಎರಡೂ ಚಕ್ರಗಳು ಕಡ್ಡಿಗಳೇ ಕಾಣದ ಡಿಸ್ಕ್ ಚಕ್ರಗಳಾಗಿದ್ದವು, ತಲೆಗೆ ಹೆಲ್ಮೆಟ್ ಇರಲಿಲ್ಲ. ಎದುರಾಳಿ ಗ್ರೆಗ್ ಲೆಮಾಂಡ್ ಹಿಂದೆ ಮಾತ್ರ ಡಿಸ್ಕ್ ಚಕ್ರ ಹಾಕಿ, ಗಾಳಿಗೆ ಒಗ್ಗುವ ಹೆಲ್ಮೆಟ್ ತೊಟ್ಟು, ಮುಂಗೈಗಳನ್ನು ಮುಂದಕ್ಕೆ ಚಾಚಿ ಒರಗಿಸಲು ಬರುವ ಏರೋ ಹ್ಯಾಂಡಲ್ ಹಿಡಿದು ಓಡಿಸಿ, ಒಟ್ಟಾರೆ 8 ಸೆಕೆಂಡ್‌ಗಳಿಂದ ಟೂರ್ ಗೆದ್ದರು. ಫಿನ್ಯೋನ್ ಅಂದು ಸೀಟಿನ ಹುಣ್ಣಿನ ನೋವನ್ನೂ ಸಹಿಸುತ್ತಿದ್ದರಾದ್ದರಿಂದ ಫಲಿತಾಂಶಕ್ಕೆ ಒಂದೇ ಕಾರಣ ಹೇಳುವಂತಿಲ್ಲ. ಆದರೆ ಗಾಳಿಗೆ ಅತಿ ಹೆಚ್ಚು ಅಡ್ಡ ನಿಲ್ಲುವುದು ಚಕ್ರವಲ್ಲ, ಸವಾರನ ಮೈ ಎಂಬುದನ್ನು ಆ ಓಟ ಜಗತ್ತಿಗೆ ಮನಗಾಣಿಸಿತು. ಆದ್ದರಿಂದ ಹಣ ವೆಚ್ಚವಾಗಬೇಕಾದ ಕ್ರಮವೂ ಹಾಗೆಯೇ ಇರಬೇಕು: ಮೊದಲು ಬಾಗಿ ಕೂರುವ ಭಂಗಿಯನ್ನು ತಿಳಿದವರಿಂದ ಸರಿಪಡಿಸಿಕೊಳ್ಳುವುದು, ಬಳಿಕ ಮೈಗಂಟುವ ಜರ್ಸಿ, ಅನಂತರ ಸುಲಭವಾಗಿ ಉರುಳುವ ಟೈರ್ ಮತ್ತು ಟ್ಯೂಬ್, ಎಲ್ಲಕ್ಕಿಂತ ಕೊನೆಗೆ ಚಕ್ರ. ದಪ್ಪ ರಬ್ಬರಿನ ಅಭ್ಯಾಸದ ಟೈರುಗಳನ್ನು ತೆಗೆದು ಉತ್ತಮ ರೇಸ್ ಟೈರುಗಳನ್ನು ಹಾಕಿದರೆ ಸಿಗುವ ಉಳಿತಾಯವು ಆಳದ ರಿಮ್ಮಿನ ಉಳಿತಾಯಕ್ಕೆ ಸಮವಾಗಿಯೋ ಅದನ್ನು ಮೀರಿಯೋ ಇರಬಲ್ಲುದು, ಮತ್ತು ಅದಕ್ಕೆ ತಗಲುವುದು ಚಕ್ರದ ಬೆಲೆಯ ಸಣ್ಣ ಭಾಗ ಮಾತ್ರ.

ಇವೆಲ್ಲ ಮುಗಿದ ಮೇಲೂ ಚಕ್ರ ಬೇಕೆನಿಸಿದರೆ ಆಳದ ಆಯ್ಕೆ ಎದುರಾಗುತ್ತದೆ. ರಿಮ್ ಆಳವಾದಷ್ಟೂ ಪಕ್ಕದಿಂದ ಬೀಸುವ ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚುತ್ತದೆ. ಹಿಂದಿನ ಚಕ್ರ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ಆದರೆ ಮುಂದಿನ ಚಕ್ರ ಹ್ಯಾಂಡಲನ್ನೇ ತಿರುಗಿಸಲು ನೋಡುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ ದೇವನಹಳ್ಳಿ, ನಂದಿಬೆಟ್ಟದ ಕಡೆಗೆ ಹೊರಡುವವರಿಗೆ ಆಷಾಢದ ಪಡುವಣ ಗಾಳಿ ಎಡಮಗ್ಗುಲಿಗೆ ನೇರವಾಗಿ ಬಡಿಯುತ್ತದೆ, ಜೊತೆಗೆ ಪಕ್ಕದಲ್ಲಿ ಹಾಯುವ ಲಾರಿ, ಬಸ್ಸುಗಳು ಆ ಗಾಳಿಯನ್ನು ಒಮ್ಮೆ ತಡೆದು ಒಮ್ಮೆ ಬಿಡುತ್ತವೆ. ಈ ಅಂಕಣದ ಲೇಖಕ ಇದೇ ದಾರಿಯಲ್ಲಿ ಗೆಳೆಯರೊಬ್ಬರ 60 ಮಿಲಿಮೀಟರ್ ಚಕ್ರಗಳನ್ನು ಎರವಲು ಪಡೆದು ಓಡಿಸಿದಾಗ ಕಂಡದ್ದೆಂದರೆ, ಹ್ಯಾಂಡಲ್ ಎಳೆದಾಡುವ ಭಯಕ್ಕೆ ಸವಾರ ಬಾಗಿದ ಭಂಗಿಯನ್ನು ಬಿಟ್ಟು ನೆಟ್ಟಗೆ ಕೂರತೊಡಗುತ್ತಾನೆ, ಹಾಗೆ ಕೂತಾಗ ಹೆಚ್ಚುವ ತಡೆಯು ಚಕ್ರ ಉಳಿಸಿಕೊಟ್ಟದ್ದನ್ನೆಲ್ಲ ನುಂಗಿಹಾಕುತ್ತದೆ. ಕೊನೆಗೆ 45 ಮಿಲಿಮೀಟರ್ ಆಳವನ್ನು ಆರಿಸಿದ್ದು ಈ ಕಾರಣದಿಂದಲೇ, ಮತ್ತು ಹಗುರ ಮೈಕಟ್ಟಿನವರಿಗೆ ಇನ್ನೂ ಕಡಿಮೆ ಆಳವೇ ಹಿತವೆಂದು ಹೇಳಬಹುದು.

ಆಳದಷ್ಟೇ ಮುಖ್ಯವಾದದ್ದು ಅಗಲ. ಚಕ್ರ ತಯಾರಿಸುವ ಝಿಪ್ ಕಂಪನಿಯ ತಾಂತ್ರಿಕ ಹೊಣೆ ಹೊತ್ತಿದ್ದ ಜಾಶ್ ಪೋರ್ಟ್ನರ್ ಪ್ರಚಾರಕ್ಕೆ ತಂದ 105ರ ನಿಯಮದ ಪ್ರಕಾರ ರಿಮ್ಮಿನ ಹೊರ ಅಗಲವು ಟೈರಿನ ನಿಜವಾದ ಅಗಲದ ಕನಿಷ್ಠ 105 ಪ್ರತಿಶತ ಇರಬೇಕು. 28 ಮಿಲಿಮೀಟರ್ ಟೈರಿಗೆ ಇದು 29.4 ಮಿಲಿಮೀಟರ್ ಆಗುತ್ತದೆ. ಟೈರಿನ ಅಂಚನ್ನು ಹಿಡಿದಿಡುವ ಒಳಮಡಿಕೆಯಿಲ್ಲದ ಹುಕ್‌ಲೆಸ್ ರಿಮ್‌ಗಳು ಸಾಮಾನ್ಯವಾಗಿ ಬೆಲೆಯಲ್ಲಿ ಕಡಿಮೆಯೆನಿಸಿದರೂ ಅವುಗಳಲ್ಲಿ ಗಾಳಿಯ ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಬಾರದು, ತಯಾರಕರು ಒಪ್ಪಿದ ಟೈರುಗಳನ್ನಷ್ಟೇ ಹಾಕಬೇಕು; ಹೀಗಾಗಿ ಮನೆಯಲ್ಲಿರುವ ಹಳೆಯ ಟೈರುಗಳು ನಿರುಪಯುಕ್ತವಾಗಿ ಆ ಉಳಿತಾಯ ಅಲ್ಲೇ ಕರಗಬಹುದು. ರಿಮ್ಮನ್ನೇ ಒತ್ತಿ ನಿಲ್ಲಿಸುವ ಹಳೆಯ ಮಾದರಿಯ ಬ್ರೇಕ್ ಉಳ್ಳ ಸೈಕಲ್ಲಿಗೆ ಕಾರ್ಬನ್ ರಿಮ್ ತಕ್ಕದ್ದಲ್ಲ, ಏಕೆಂದರೆ ನಂದಿಬೆಟ್ಟದಂಥ ಉದ್ದ ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕ್ ಹಿಡಿದಾಗ ಹುಟ್ಟುವ ಶಾಖವು ಕಾರ್ಬನ್ ಎಳೆಗಳನ್ನು ಬೆಸೆದಿರುವ ರಾಳವನ್ನು ಮೆತ್ತಗಾಗಿಸಬಲ್ಲುದು.

ನಮೂದಿಸಿದ ಬೆಲೆಯೇ ವೆಚ್ಚವಲ್ಲ ಎಂಬ ಮಾತು ಇಲ್ಲಿ ಪೂರ್ಣವಾಗಿ ಅನ್ವಯಿಸುತ್ತದೆ. ವಿದೇಶದಿಂದ ತರಿಸಿದರೆ ಸುಂಕವನ್ನು ಚಕ್ರದ ಬೆಲೆಗೆ ಸಾಗಣೆ ಮತ್ತು ವಿಮೆಯನ್ನು ಸೇರಿಸಿದ ಮೊತ್ತದ ಮೇಲೆ ವಿಧಿಸಲಾಗುತ್ತದೆ, ಸುಂಕ ಸೇರಿದ ಮೊತ್ತದ ಮೇಲೆ ಮತ್ತೆ ಐಜಿಎಸ್‌ಟಿ ಬೀಳುತ್ತದೆ, ಕೊರಿಯರ್ ಸಂಸ್ಥೆ ತನ್ನ ಶುಲ್ಕವನ್ನು ಬೇರೆಯಾಗಿ ಕೇಳುತ್ತದೆ. ಗೇರಿನ ಹಲ್ಲುಚಕ್ರಗಳ ಕ್ಯಾಸೆಟ್ ಕೂರುವ ಫ್ರೀಹಬ್ ಸೈಕಲ್ಲಿನ ಗೇರ್ ವ್ಯವಸ್ಥೆಗೆ ಹೊಂದಬೇಕು, ಡಿಸ್ಕ್ ಬ್ರೇಕಿನ ತಟ್ಟೆಗಳು ಹಬ್ಬಿಗೆ ಹೊಂದಬೇಕು, ಟ್ಯೂಬಿನ ವಾಲ್ವ್ ರಿಮ್ಮಿನ ಆಳ ದಾಟಿ ಹೊರಬರುವಷ್ಟು ಉದ್ದವಿರಬೇಕು. ಇವನ್ನೆಲ್ಲ ಸೇರಿಸಿ ಬರೆದ ಮೊತ್ತವೇ ಚಕ್ರದ ನಿಜವಾದ ಬೆಲೆ. ಬಡ್ಡಿಯಿಲ್ಲದ ಕಂತೆಂದು ಹೇಳುವ ಯೋಜನೆಗಳಲ್ಲಿಯೂ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ಸೇರಿರಬಹುದಾದ್ದರಿಂದ ಅವನ್ನೂ ಈ ಪಟ್ಟಿಯಲ್ಲಿ ಬರೆಯಬೇಕು.

ಕೊನೆಯದು ರಿಮ್ ಒಡೆಯುವ ದಿನದ ಲೆಕ್ಕ. ಅಲ್ಯೂಮಿನಿಯಂ ರಿಮ್ ಗುಂಡಿಗೆ ಬಿದ್ದು ಸ್ವಲ್ಪ ಡೊಂಕಾದರೆ ಸೈಕಲ್ ಅಂಗಡಿಯಲ್ಲಿ ಕಡ್ಡಿಗಳನ್ನು ಬಿಗಿದು ಬೆಂಡ್ ತೆಗೆಸಿಕೊಳ್ಳಬಹುದು. ಕಾರ್ಬನ್ ರಿಮ್ ಬಾಗುವುದಿಲ್ಲ, ಸೀಳುತ್ತದೆ, ಸೀಳಿದ ರಿಮ್ಮನ್ನು ನಂಬಿ ಓಡಿಸುವಂತಿಲ್ಲ. ಆದ್ದರಿಂದ ಆಳದ ಚಕ್ರವನ್ನು ಆಸ್ತಿಯೆಂದು ಎಣಿಸದೆ, ಸವೆದು ಮುಗಿಯುವ ವಸ್ತುವೆಂದು ಎಣಿಸುವುದೇ ವಿವೇಕ. ಬಿದ್ದು ಒಡೆದ ರಿಮ್ಮಿಗೆ ರಿಯಾಯಿತಿಯಲ್ಲಿ ಬದಲಿ ಕೊಡುವ ತಯಾರಕರ ಯೋಜನೆ ಭಾರತದಲ್ಲಿಯೂ ಅನ್ವಯವಾಗುತ್ತದೆಯೇ, ಸಾಗಣೆಯ ವೆಚ್ಚ ಯಾರದು ಎಂಬುದನ್ನು ಕೊಳ್ಳುವ ಮುನ್ನವೇ ಲಿಖಿತವಾಗಿ ಕೇಳಿ ಪಡೆಯಬೇಕು. ಲೇಖಕ ತನ್ನ ಚಕ್ರಗಳಿಗಾಗಿ ಬ್ಯಾಂಕಿನ ಆರ್‌ಡಿಯಲ್ಲಿ ತಿಂಗಳು ತಿಂಗಳು ಹಣ ಕೂಡಿಟ್ಟು, ಬೆಲೆಯಷ್ಟು ಕೂಡಿದ ಕೂಡಲೇ ಕೊಳ್ಳದೆ, ಒಂದು ರಿಮ್ಮನ್ನು ಬದಲಿಸುವಷ್ಟು ಹಣ ಅದರ ಮೇಲೆ ಸೇರುವವರೆಗೆ ಕಾದದ್ದು ಈ ತಿಳಿವಳಿಕೆಯಿಂದ. ಹಾಗೆ ಕಾದದ್ದರಿಂದ ಗುಂಡಿ ಬಿದ್ದ ರಸ್ತೆಗಳಲ್ಲಿಯೂ ಆ ಚಕ್ರಗಳನ್ನು ನಿರಾತಂಕವಾಗಿ ಬಳಸಲು ಸಾಧ್ಯವಾಗಿದೆ. ಒಡೆದೀತೆಂಬ ಅಂಜಿಕೆಯಿಂದ ಮನೆಯ ಗೋಡೆಗೆ ಒರಗಿಸಿಟ್ಟ ಚಕ್ರವು ಒಂದು ವ್ಯಾಟನ್ನೂ ಉಳಿಸುವುದಿಲ್ಲ. ಬದಲಿ ರಿಮ್ಮಿನ ಹಣವನ್ನೂ ಎತ್ತಿಟ್ಟುಕೊಂಡವರಿಗಷ್ಟೇ ಮೊದಲ ಜೋಡಿ ನಿಜವಾಗಿ ಕೈಗೆಟುಕುವ ಬೆಲೆಯದು. ಉಳಿದವರು ಆ ಹಣ ಕೂಡುವವರೆಗೆ ಒಳ್ಳೆಯ ಟೈರ್ ಹಾಕಿಕೊಂಡು, ಚೆನ್ನಾಗಿ ಬಾಗಿ ಓಡಿಸುವುದನ್ನು ರೂಢಿಸಿಕೊಳ್ಳುವುದು ಕಾಲಿಗೂ ಲಾಭ, ಕಿಸೆಗೂ ಲಾಭ.