ಮಳೆ ಬೆಳೆ ಲೆಕ್ಕದಲ್ಲಿ ಬಿಟ್ಟ ಅಂಕಿ, ಮಿತಿಮೀರಿದ ಅಂಕಿ

ಮಳೆ ಬೆಳೆಗಳ ಲೆಕ್ಕವಿಡುವ ಗ್ರಾಮದ ಮುಖಂಡರೂ ಭೂಮಾಲೀಕರೂ ಗಮನಿಸತಕ್ಕ ಸಂಗತಿಯೊಂದುಂಟು. ಫಸಲನ್ನು ಮುಂಗಡವಾಗಿ ಅಂದಾಜು ಮಾಡುವ ಗಣಿತಮಾದರಿಯು ಎಷ್ಟೇ ಸೂಕ್ಷ್ಮವಾಗಿರಲಿ, ಅದಕ್ಕೆ ಆಧಾರವು ಹಳ್ಳಿಯಲ್ಲಿ ಬರೆದ ಅಂಕಿಯೇ. ಬೀಜವು ಜೊಳ್ಳಾದರೆ ಬೆಳೆಯು ಹೇಗೆ ಬಂದೀತು?

ಮೊದಲನೆಯದು ಬಿಟ್ಟುಹೋದ ಅಂಕಿ. ಮಳೆಮಾಪಕವನ್ನು ಪ್ರತಿದಿನವೂ ಬೆಳಿಗ್ಗೆ ೮-೩೦ ಗಂಟೆಗೆ ನೋಡುವುದು ಪದ್ಧತಿ. ನೋಡಿದಾಗ ನೀರಿಲ್ಲದಿದ್ದರೆ ಸೊನ್ನೆ ಬರೆಯತಕ್ಕದ್ದು. ನೋಡದ ದಿನಕ್ಕೆ ಅಡ್ಡಗೆರೆಯೆಳೆದು ಕಾರಣವನ್ನು ಬರೆಯತಕ್ಕದ್ದು. ಸೊನ್ನೆಯೆಂದರೆ ಮಳೆಯಿಲ್ಲ, ಗೆರೆಯೆಂದರೆ ತಿಳಿಯದು. ಎರಡು ದಿನ ನೋಡದೆ ಮೂರನೆಯ ದಿನ ೬೦ ಮಿಲಿಮೀಟರು ದೊರೆತರೆ, ಅದು ಮೂರು ದಿನಗಳ ಮೊತ್ತವೆಂದು ಸೂಚಿಸಬೇಕು.

ತಿಂಗಳ ಮೊತ್ತದಲ್ಲಿ ಲೋಪವಿದ್ದರೆ ಸುತ್ತಣ ಮೂರು ಕೇಂದ್ರಗಳ ಸರಾಸರಿಯನ್ನು ಹಿಡಿಯಬಹುದು. ಆದರೆ ಆ ಕೇಂದ್ರಗಳ ವಾಡಿಕೆ ಮಳೆಯು ನಮ್ಮದಕ್ಕಿಂತ ನೂರಕ್ಕೆ ಹತ್ತನ್ನು ಮೀರಿ ಭಿನ್ನವಾಗಿರಬಾರದು. ಒಂದು ದಿನದ ಮಳೆಗೆ ಈ ಕ್ರಮವನ್ನು ನಂಬಲಾಗದು. ದಾವಣಗೆರೆಯ ವಿನೋಬನಗರದಲ್ಲಿ ಗುಡುಗುಮಳೆ ಸುರಿದ ಸಂಜೆ ಹರಿಹರದ ಹೊಲಗಳಲ್ಲಿ ಹನಿಯೂ ಬೀಳದಿರಬಹುದು. ತುಂಬಿದ ಅಂಕಿಯ ಪಕ್ಕದಲ್ಲಿ ‘ಅಂದಾಜು’ ಎಂದು ಬರೆಯುವುದು ಅವಶ್ಯ.

ಎರಡನೆಯದು ಮಿತಿಮೀರಿದ ಅಂಕಿ. ಐದು ತಾಕುಗಳ ಮೆಕ್ಕೆಜೋಳದ ಇಳುವರಿಯು ಎಕರೆಗೆ ೧೮, ೨೦, ೨೧, ೨೨, ೬೯ ಕ್ವಿಂಟಾಲ್ ಎಂದು ಬರೆದಿದೆಯೆನ್ನೋಣ. ಸರಾಸರಿಯು ೩೦ ಆಗುವುದು. ಆದರೆ ನಾಲ್ಕು ತಾಕುಗಳಲ್ಲಿ ಯಾವುದೂ ೨೨ನ್ನು ದಾಟಿಲ್ಲ. ಏರಿಕೆಯ ಕ್ರಮದಲ್ಲಿ ನಡುವಿನ ಅಂಕಿಯು ೨೧. ಸರಾಸರಿಗೂ ನಡುವಿನ ಅಂಕಿಗೂ ಇಷ್ಟು ಅಂತರ ಕಂಡರೆ ಮೂಲ ತೂಕದ ಚೀಟಿಯನ್ನು ತರಿಸಿ ನೋಡತಕ್ಕದ್ದು. ೧೯ ಎಂಬುದು ನಕಲಿನಲ್ಲಿ ೬೯ ಆಗಿದ್ದರೆ, ತಿದ್ದಿದ ಸರಾಸರಿಯು ೨೦ ಮಾತ್ರ.

ಇದು ಬರಿಯ ಲೆಕ್ಕದ ಮಾತಲ್ಲ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳ ಪರಿಹಾರವು ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯನ್ನು ಅವಲಂಬಿಸಿದೆ. ಒಂದು ತಪ್ಪು ಏರಿಕೆಯು ಎಲ್ಲ ರೈತರ ಪರಿಹಾರಕ್ಕೂ ಕುತ್ತು ತಂದೀತು.

ಆದರೂ ಮಿತಿಮೀರಿದುದೆಲ್ಲವೂ ಸುಳ್ಳಲ್ಲ. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆಯ ಅಂಕಿಗಳನ್ನು ಅಸಂಭವವೆಂದು ಹೊಡೆದುಹಾಕಿದ್ದರೆ, ಮುಂದಿನ ನೆರೆಯನ್ನು ಎಣಿಸುವ ಲೆಕ್ಕವೇ ಕುರುಡಾಗುತ್ತಿತ್ತು. ಆಲಿಕಲ್ಲಿನಿಂದ ನಷ್ಟವಾದ ತಾಕಿನ ಅಲ್ಪ ಇಳುವರಿಯನ್ನೂ ಹಾಗೆಯೇ ಉಳಿಸತಕ್ಕದ್ದು.

ಆದಕಾರಣ ಅಂಕಿಯನ್ನು ಅಳಿಸಬೇಡಿರಿ. ತಪ್ಪಿದ್ದರೆ ಒಂದೇ ಗೆರೆಯಿಂದ ಹೊಡೆದು, ಸರಿಯಾದುದನ್ನು ಮೇಲೆ ಬರೆದು, ತಾರೀಖು ಸಹಿತ ರುಜು ಮಾಡಿರಿ. ತಿಳಿಯದುದನ್ನು ತಿಳಿಯದೆಂದು ಬರೆಯುವ ಪುಸ್ತಕವೇ ನಂಬಿಕೆಗೆ ಯೋಗ್ಯವಾದುದು.